ಜೇಬಿನ ರಿವಾಲ್ವರಿಗೆ ಯಾವ ಕ್ಯಾಲಿಬರ್: .38 ಸಾಕೇ, .357 ಬೇಕೇ?

ಐದುಮನೆ:
ಎಲ್ಲರಿಗೂ ನಮಸ್ಕಾರ. ಪರವಾನಗಿ ಕೈಸೇರಿದೆ, ಚಿಕ್ಕ ರಿವಾಲ್ವರನ್ನೇ ಕೊಳ್ಳುವುದೆಂದೂ ತೀರ್ಮಾನಿಸಿದ್ದೇನೆ. ಆದ್ದರಿಂದ ಪಿಸ್ತೂಲು ಮೇಲೋ ರಿವಾಲ್ವರ್ ಮೇಲೋ ಎಂಬ ಹಳೆಯ ಜಗಳವನ್ನು ದಯವಿಟ್ಟು ಇಲ್ಲಿ ಎಬ್ಬಿಸಬೇಡಿ. ನನ್ನ ಪ್ರಶ್ನೆ ಕ್ಯಾಲಿಬರಿನದು, ಅಂದರೆ ಗುಂಡಿನ ಅಳತೆಯದು ಮಾತ್ರ. ಎರಡು ಅಂಗುಲದ ಆಸುಪಾಸಿನ ನಳಿಗೆ, ಐದೋ ಆರೋ ತೋಟೆ, ದಿನವಿಡೀ ಮೈಮೇಲಿದ್ದರೂ ಭಾರವೆನಿಸದ ತೂಕ, ಇಷ್ಟು ನನ್ನ ಬೇಡಿಕೆ.

ಕಳೆದ ವಾರ ಗೆಳೆಯನೊಬ್ಬನ .357 ಮ್ಯಾಗ್ನಮ್ ರಿವಾಲ್ವರನ್ನು ರೇಂಜಿನಲ್ಲಿ ಹಾರಿಸಿ ನೋಡಿದೆ. ಮಿಶ್ರಲೋಹದ್ದು, ಬರಿದಾಗಿ ತೂಗಿದರೆ 340 ಗ್ರಾಂಗಿಂತ ಕಡಿಮೆ. ಮೊದಲ ಈಡಿಗೆ ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಚರ್ಮ ಕಿತ್ತುಬಂದಿತು. ಎರಡನೆಯ ಈಡಿಗೆ ಟ್ರಿಗರ್ ಪೂರ್ತಿ ಹಿಂದಕ್ಕೆ ಬರುವ ಮೊದಲೇ ಕಣ್ಣು ತಾನಾಗಿ ಮುಚ್ಚಿಕೊಂಡಿತು. ಮೂರನೆಯದನ್ನು ಹಾರಿಸದೆ ಹಿಂದಿರುಗಿಸಿದೆ. "ಅಭ್ಯಾಸವಾಗುತ್ತದೆ" ಎಂದು ಗೆಳೆಯ ಸಮಾಧಾನ ಹೇಳಿದ. ಅವನ ಗುರಿಹಲಗೆಯಲ್ಲಿಯೂ ಐದು ಈಡಿಗೆ ಎರಡೇ ತೂತುಗಳಿದ್ದವು ಎಂಬುದನ್ನು ಸೌಜನ್ಯಕ್ಕಾಗಿ ನಾನು ಬಾಯಿಬಿಟ್ಟು ಹೇಳಲಿಲ್ಲ. ಇಷ್ಟು ನೋವು ತಿನ್ನುವುದರಿಂದ ನಿಜಕ್ಕೂ ಏನಾದರೂ ಲಾಭವಿದೆಯೇ?

ಹಳೆಗುರಿಕಾರ:
ನಿಮ್ಮ ಅಂಗೈ ಸರಿಯಾದ ಉತ್ತರವನ್ನು ಆಗಲೇ ಕೊಟ್ಟಿದೆ. ಕ್ಯಾಲಿಬರನ್ನು ಕಾಗದದ ಮೇಲಿನ ಅಂಕಿಗಳಿಂದ ಆರಿಸುವವರು ರಿವಾಲ್ವರಿನ ತೂಕವನ್ನು ಮರೆಯುತ್ತಾರೆ. .38 ಸ್ಪೆಷಲ್ 19ನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಹುಟ್ಟಿದ ತೋಟೆ, ಅಂದಿನಿಂದ ಚಿಕ್ಕ ರಿವಾಲ್ವರುಗಳೆಲ್ಲ ಅದರ ಸುತ್ತಲೇ ಬೆಳೆದಿವೆ. ಕೋಲ್ಟ್ ಕಂಪನಿಯ ಆರು ತೋಟೆಯ ಡಿಟೆಕ್ಟಿವ್ ಸ್ಪೆಷಲ್ 1927ರಲ್ಲಿ ಬಂದಿತು. ಸ್ಮಿತ್ ಆ್ಯಂಡ್ ವೆಸನ್ನಿನ ಐದು ತೋಟೆಯ ಚೀಫ್ಸ್ ಸ್ಪೆಷಲ್ 1950ರಲ್ಲಿ ಬಂದಿತು. ಇವತ್ತು ಮಾರಾಟವಾಗುವ ಸಣ್ಣ ಚೌಕಟ್ಟಿನ ರಿವಾಲ್ವರುಗಳಲ್ಲಿ ಬಹುಪಾಲು ಆ ಐದು ತೋಟೆಯ ವಂಶದವೇ.

ಅಲ್ಯೂಮಿನಿಯಂ ಚೌಕಟ್ಟಿನ, ಸುಮಾರು 430 ಗ್ರಾಂ ತೂಗುವ .38 ಒಂದನ್ನು ಕೈಯಲ್ಲಿ ಹಿಡಿದು ನೋಡಿ. ಅದೂ ಒದೆಯುತ್ತದೆ, ಸುಳ್ಳೇಕೆ ಹೇಳಲಿ. ಆದರೆ ಎರಡನೆಯ ಈಡಿಗೆ ನೀವು ಕಣ್ಣು ತೆರೆದುಕೊಂಡೇ ಇರುತ್ತೀರಿ.

ಮ್ಯಾಗ್ನಮ್‌ಪಕ್ಷ:
ಹಿರಿಯರ ಮಾತಿಗೆ ಗೌರವವಿಟ್ಟೇ ಭಿನ್ನಾಭಿಪ್ರಾಯ ಸೂಚಿಸುತ್ತೇನೆ. .357 ರಿವಾಲ್ವರಿನಲ್ಲಿ .38 ತೋಟೆಯನ್ನೂ ಹಾರಿಸಬಹುದು, .38 ರಿವಾಲ್ವರಿನಲ್ಲಿ .357 ಕೂರುವುದಿಲ್ಲ. ಒಂದನ್ನು ಕೊಂಡರೆ ಎರಡು ದಕ್ಕುವಾಗ ಒಂದಕ್ಕೇ ಏಕೆ ಕಟ್ಟುಬೀಳಬೇಕು? ರೇಂಜಿನಲ್ಲಿ .38 ಹಾಕಿ ಕೈ ಪಳಗಿಸಿಕೊಂಡು, ಮೈಮೇಲೆ ಧರಿಸುವಾಗ .357 ತುಂಬಿಕೊಂಡರಾಯಿತು.

ಶಕ್ತಿಯ ವ್ಯತ್ಯಾಸವಂತೂ ಕಡೆಗಣಿಸುವಷ್ಟು ಸಣ್ಣದಲ್ಲ. .38 ಸ್ಪೆಷಲ್ಲಿಗೆ ನಿಗದಿಯಾದ ಗರಿಷ್ಠ ಒತ್ತಡ 17,000 ಪಿಎಸ್‌ಐ (ಚದರ ಅಂಗುಲಕ್ಕೆ ಪೌಂಡ್), ಅದರದೇ ಹೆಚ್ಚು ಒತ್ತಡದ ಪ್ಲಸ್ ಪಿ ತೋಟೆಗೆ 20,000, .357ಕ್ಕೆ 35,000. ಇದೇನು ಕೂದಲು ಸೀಳುವ ಲೆಕ್ಕವಲ್ಲ.

ಶಂಕೆಗಾರ:
ಒತ್ತಡದ ಅಂಕಿಗಳು ಸರಿ, ಅವುಗಳಿಂದ ಎಳೆದ ತೀರ್ಮಾನ ಮಾತ್ರ ಸರಿಯಿಲ್ಲ. ಆ ಒತ್ತಡವೆಲ್ಲ ವೇಗವಾಗಿ ಮಾರ್ಪಡಬೇಕಾದರೆ ನಳಿಗೆಯ ಉದ್ದ ಬೇಕು. .357ರ 125 ಗ್ರೇನ್ (ಸುಮಾರು 8 ಗ್ರಾಂ) ಗುಂಡು ನಾಲ್ಕು ಅಂಗುಲದ ನಳಿಗೆಯಿಂದ ಸೆಕೆಂಡಿಗೆ ಸುಮಾರು 440 ಮೀಟರ್ ವೇಗದಲ್ಲಿ ಹೊರಡುತ್ತದೆ, ಎರಡು ಅಂಗುಲಕ್ಕೆ ಇಳಿದಾಗ ಅದು 360ರ ಆಸುಪಾಸಿಗೆ ಬರುತ್ತದೆ. ನಿಧಾನವಾಗಿ ಉರಿಯುವ ಮದ್ದಿನ ಒಂದು ಪಾಲು ನಳಿಗೆಯ ಬಾಯಿಯಿಂದಾಚೆ ಬೆಂಕಿಯ ಚೆಂಡಾಗಿ ಉರಿದುಹೋಗುತ್ತದೆ. ಆ ಬೆಳಕೂ ಶಬ್ದವೂ ನಿಮ್ಮ ಪಾಲಿಗೆ, ವೇಗ ಯಾರ ಪಾಲಿಗೂ ಇಲ್ಲ.

ಮ್ಯಾಗ್ನಮ್‌ಪಕ್ಷ:
ಹಾಗೆಂದರೂ 360 ಎಂಬುದು 260ಕ್ಕಿಂತ ನೂರು ಹೆಚ್ಚೇ ಅಲ್ಲವೇ? ಚಿಕ್ಕ ನಳಿಗೆಗೆಂದೇ ಮಾಡಿದ .38 ಪ್ಲಸ್ ಪಿ, 135 ಗ್ರೇನ್ ಗುಂಡನ್ನು ಆ 260ಕ್ಕೆ ಮುಟ್ಟಿಸುವುದೇ ದೊಡ್ಡ ಸಾಹಸ.

ಶಂಕೆಗಾರ:
ಹೆಚ್ಚು ಹೌದು. ಅದಕ್ಕೆ ತೆರುವ ಬೆಲೆಯೆಷ್ಟು ಎಂಬುದೇ ಇಲ್ಲಿನ ಪ್ರಶ್ನೆ.

ಲೆಕ್ಕಿಗ:
ಬೆಲೆಯನ್ನು ನಾನು ಲೆಕ್ಕ ಹಾಕಿ ತೋರಿಸುತ್ತೇನೆ. ಗುಂಡೂ ಅದರ ಹಿಂದೆ ಹೊರಬೀಳುವ ಅನಿಲವೂ ಸೇರಿ ಮುಂದಕ್ಕೆ ಒಯ್ಯುವ ಸಂವೇಗದಷ್ಟೇ ಸಂವೇಗ ರಿವಾಲ್ವರಿಗೆ ಹಿಂದಕ್ಕೆ ದಕ್ಕುತ್ತದೆ. ಅದರ ವರ್ಗವನ್ನು ರಿವಾಲ್ವರಿನ ತೂಕದ ಎರಡರಷ್ಟರಿಂದ ಭಾಗಿಸಿದರೆ ಒದೆತದ ಶಕ್ತಿ ಬರುತ್ತದೆ. ಅನಿಲದ ವೇಗವನ್ನು ಸೆಕೆಂಡಿಗೆ 1,200 ಮೀಟರ್ ಎಂದು ಹಿಡಿದಿದ್ದೇನೆ. 430 ಗ್ರಾಂ ರಿವಾಲ್ವರಿನಲ್ಲಿ .38 ಪ್ಲಸ್ ಪಿ ಹಾರಿಸಿದರೆ ಸುಮಾರು 8.5 ಜೂಲ್. ಅದೇ ತೋಟೆಯನ್ನು 730 ಗ್ರಾಂ ಉಕ್ಕಿನ ರಿವಾಲ್ವರಿನಲ್ಲಿ ಹಾರಿಸಿದರೆ 5 ಜೂಲ್. ಆ ಉಕ್ಕಿನದರಲ್ಲಿಯೇ .357 ಹಾರಿಸಿದರೆ 12ರಿಂದ 13. ಐದುಮನೆಯವರ ಚರ್ಮ ಕಿತ್ತ 340 ಗ್ರಾಂ ರಿವಾಲ್ವರಿನಲ್ಲಿ .357 ಹಾರಿಸಿದರೆ ಹತ್ತಿರ ಹತ್ತಿರ 27 ಜೂಲ್.

ಅಂದರೆ ಅವರು ತಿಂದ ಒದೆತ, ಹಳೆಗುರಿಕಾರರು ಹೇಳಿದ .38ರ ಮೂರು ಪಟ್ಟು. ಗುಂಡಿನ ವೇಗವಾದರೋ ಒಂದೂವರೆ ಪಟ್ಟನ್ನೂ ಮುಟ್ಟಲಿಲ್ಲ.

ಮ್ಯಾಗ್ನಮ್‌ಪಕ್ಷ:
ವೇಗವನ್ನು ಶಕ್ತಿಯೊಂದಿಗೆ ಹೋಲಿಸುವುದು ಮೋಸದ ಲೆಕ್ಕ. ಶಕ್ತಿಯನ್ನು ಶಕ್ತಿಯೊಂದಿಗೇ ಹೋಲಿಸಿ, ಆಗ ಗುಂಡಿನ ಶಕ್ತಿಯೂ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಅನಿಲದ 1,200 ಎಲ್ಲಿಂದ ಬಂದಿತೆಂದೂ ತಿಳಿಸಿ.

ಲೆಕ್ಕಿಗ:
ಮೊದಲನೆಯ ಆಕ್ಷೇಪಣೆಯನ್ನು ಒಪ್ಪಿದೆ, ಗುಂಡಿನ ಶಕ್ತಿ ಸುಮಾರು 1.8 ಪಟ್ಟು. 1,200 ಎಂಬುದು ಅಂದಾಜು. ಅದನ್ನು ಸಾವಿರಕ್ಕೆ ಇಳಿಸಿದರೂ ಒದೆತದ ಅನುಪಾತ ಮೂರರ ಆಸುಪಾಸಿನಲ್ಲಿಯೇ ನಿಲ್ಲುತ್ತದೆ, ಬೇಕಾದರೆ ಹಾಕಿ ನೋಡಿ. 1.8 ಪಟ್ಟು ಪಡೆಯಲು ಮೂರು ಪಟ್ಟು ತೆರುವುದು ನನಗಂತೂ ಗಿಟ್ಟುವ ವ್ಯಾಪಾರವಲ್ಲ.

ಮಿತಭಾಷಿ:
27 ಜೂಲ್ ಎಂದರೇನೆಂದು ನನ್ನ ಮಣಿಕಟ್ಟಿಗೆ ಗೊತ್ತು. ಮಾರಿಬಿಟ್ಟೆ.

ಕಿರುನಳಿಗೆ:
ಒದೆತದಿಂದ ಆಗುವ ಇನ್ನೊಂದು ಅನಾಹುತವನ್ನು ಯಾರೂ ಪ್ರಸ್ತಾಪಿಸಲಿಲ್ಲ. ಹಗುರ ರಿವಾಲ್ವರ್ ಹಿಂದಕ್ಕೆ ಜಿಗಿಯುವಾಗ ತೋಟೆ ತುಂಬುವ ತಿರುಗುರುಳೆಯಾದ ಸಿಲಿಂಡರಿನಲ್ಲಿ ಸರದಿಗಾಗಿ ಕಾಯುತ್ತಿರುವ ತೋಟೆಗಳ ಕೇಸೂ (ಮದ್ದು ತುಂಬಿದ ಲೋಹದ ಕೊಳವೆ) ಅದರ ಜೊತೆಗೇ ಹಿಂದಕ್ಕೆ ಹೋಗುತ್ತದೆ, ಭಾರವಾದ ಗುಂಡು ಮಾತ್ರ ಇದ್ದಲ್ಲಿಯೇ ಉಳಿಯಲು ನೋಡುತ್ತದೆ. ಕೇಸಿನ ಬಾಯಿಯ ಬಿಗಿ ಸಾಲದಿದ್ದರೆ ಗುಂಡು ಕೂದಲೆಳೆ ಕೂದಲೆಳೆಯಾಗಿ ಮುಂದಕ್ಕೆ ಜರುಗುತ್ತ, ಕೊನೆಗೆ ಸಿಲಿಂಡರಿನ ಮುಂಬದಿಯಿಂದ ಹೊರಗಿಣುಕಿ ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತದೆ. ನನ್ನದರಲ್ಲಿ ನಾಲ್ಕನೆಯ ಈಡಿನ ಬಳಿಕ ಹೀಗಾಗಿ ಸಿಲಿಂಡರ್ ತಿರುಗಲೂ ಇಲ್ಲ, ತೆರೆಯಲೂ ಇಲ್ಲ. ಅದನ್ನು ಮೊದಲ ಸ್ಥಿತಿಗೆ ತರಲು ಮರದ ಕೊಡತಿಯೂ ಅರ್ಧ ಗಂಟೆಯೂ ಬೇಕಾದವು.

ರಿವಾಲ್ವರ್ ಎಂದೂ ಸಿಕ್ಕಿಕೊಳ್ಳುವುದಿಲ್ಲವೆಂದು ಹೇಳುವವರಿಗೆ ಆ ಕೊಡತಿಯನ್ನು ತೋರಿಸುತ್ತೇನೆ. ಹಗುರವಾದ .357 ಇರುವವರು ತಾವು ಧರಿಸುವ ತೋಟೆಯನ್ನೇ ಹೀಗೆ ಪರೀಕ್ಷಿಸಬೇಕು: ನಾಲ್ಕನ್ನು ಹಾರಿಸಿ, ಐದನೆಯದನ್ನು ಹೊರತೆಗೆದು, ಹಾರಿಸದ ಹೊಸ ತೋಟೆಯ ಪಕ್ಕದಲ್ಲಿಟ್ಟು ಉದ್ದವನ್ನು ಅಳೆಯಿರಿ.

ಹಳೆಗುರಿಕಾರ:
ಕಿರುನಳಿಗೆಯವರ ಮಾತಿಗೆ ಒಂದು ಸೇರ್ಪಡೆ. ಸ್ಮಿತ್ ಆ್ಯಂಡ್ ವೆಸನ್ನಿನ ಅತಿಹಗುರ 340ಪಿಡಿ ಮಾದರಿಯ ನಳಿಗೆಯ ಮೇಲೆಯೇ, ಮ್ಯಾಗ್ನಮ್ ಹಾಕುವುದಾದರೆ 120 ಗ್ರೇನಿಗಿಂತ ಕಡಿಮೆ ತೂಕದ ಗುಂಡು ಕೂಡದೆಂದು ಕೆತ್ತಿದ್ದಾರೆ. ಅದರ ಸಿಲಿಂಡರ್ ಟೈಟೇನಿಯಂ ಮಿಶ್ರಲೋಹದ್ದು, ಹಗುರ ಗುಂಡಿನ ತೋಟೆಗಳ ಉರಿ ಅದನ್ನು ಬೇಗ ಸವೆಸುತ್ತದೆ. ಭಾರದ ಗುಂಡು ಹಾಕಿದರೆ ಅದು ಜರುಗುವ ಭಯ, ಹಗುರ ಗುಂಡು ಹಾಕಿದರೆ ಸಿಲಿಂಡರ್ ಸವೆಯುವ ಭಯ. ಅತ್ತ ದರಿ, ಇತ್ತ ಪುಲಿ.

ಆರನೆಯದು:
ಎಲ್ಲರೂ .38 ಮತ್ತು .357ರ ನಡುವೆಯೇ ಸುತ್ತುತ್ತಿದ್ದೀರಿ, .32ರ ವಂಶವನ್ನು ಏಕೆ ಮರೆತಿರಿ? .32 ಸ್ಮಿತ್ ಆ್ಯಂಡ್ ವೆಸನ್ ಲಾಂಗ್ 1896ರದು. ಅದರ ಕೇಸನ್ನು ಉದ್ದಮಾಡಿ 1984ರಲ್ಲಿ .32 ಎಚ್ ಆ್ಯಂಡ್ ಆರ್ ಮ್ಯಾಗ್ನಮ್ ಬಂದಿತು, ಅದನ್ನೂ ಉದ್ದಮಾಡಿ 2007ರಲ್ಲಿ .327 ಫೆಡರಲ್ ಮ್ಯಾಗ್ನಮ್ ಬಂದಿತು. .327ಕ್ಕೆಂದು ಮಾಡಿದ ರಿವಾಲ್ವರಿನಲ್ಲಿ ಈ ಹಿಂದಿನವೆಲ್ಲ ಹಾರುತ್ತವೆ. ಗುಂಡಿನ ಹೊಟ್ಟೆ ಸಣ್ಣದಾದ್ದರಿಂದ, .38ರಲ್ಲಿ ಐದು ಮನೆಗಳು (ತೋಟೆ ಕೂರುವ ರಂಧ್ರಗಳು) ಇರುವಷ್ಟೇ ದಪ್ಪದ ಸಿಲಿಂಡರಿನಲ್ಲಿ ಆರು ಮನೆಗಳನ್ನು ಕೊರೆಯಬಹುದು.

.32 ಎಚ್ ಆ್ಯಂಡ್ ಆರ್ ಹಾಕಿದಾಗ ಒದೆತ .38 ಪ್ಲಸ್ ಪಿಗಿಂತ ಎಷ್ಟೋ ಕಡಿಮೆ. ನನ್ನ ಹೆಂಡತಿಯ ಕೈ ಚಿಕ್ಕದು. .38ರಲ್ಲಿ ಪ್ರತಿ ಈಡಿಗೂ ಹಿಡಿಯನ್ನು ಮತ್ತೆ ಸರಿಪಡಿಸಿಕೊಳ್ಳುತ್ತಿದ್ದವಳು ಇದರಲ್ಲಿ ಆರನ್ನೂ ಒಂದೇ ಹಿಡಿತದಲ್ಲಿ ಮುಗಿಸುತ್ತಾಳೆ. ಅವಳ ಗುರಿ ನನ್ನದಕ್ಕಿಂತ ಚೆನ್ನಾಗಿದೆ ಎಂಬುದನ್ನು ಇಲ್ಲಿ ಬರೆಯಬೇಕೆಂದು ಅವಳ ಅಪ್ಪಣೆಯಾಗಿದೆ.

ಮ್ಯಾಗ್ನಮ್‌ಪಕ್ಷ:
.327ರ ಒತ್ತಡ 45,000 ಪಿಎಸ್‌ಐ, .357ಕ್ಕಿಂತಲೂ ಹೆಚ್ಚು. ಅದರ ಶಬ್ದ ಕಿವಿಗೆ ಸೂಜಿ ಚುಚ್ಚಿದಂತೆ. .357 ಬೇಡವೆಂದು ಇದನ್ನು ಶಿಫಾರಸು ಮಾಡುವುದು ವಿಚಿತ್ರವಾಗಿದೆ.

ಆರನೆಯದು:
ನಾನು ತುಂಬಿಕೊಳ್ಳುವುದು .32 ಎಚ್ ಆ್ಯಂಡ್ ಆರ್ ತೋಟೆಯನ್ನು ಎಂದು ಮೇಲೆಯೇ ಬರೆದಿದ್ದೇನೆ, ಸ್ವಾಮಿ. ಓದಿ ಆಕ್ಷೇಪಿಸಿ. ಈ ವಂಶದ ನಿಜವಾದ ಕೊರತೆ ಬೇರೆಯೇ ಇದೆ: ತೋಟೆಗಳ ವೈವಿಧ್ಯ ಕಡಿಮೆ, ಅನೇಕ ಅಂಗಡಿಗಳಲ್ಲಿ ಸಿಗುವುದೇ ಇಲ್ಲ. ಸಿಗದ ತೋಟೆಯಿಂದ ಅಭ್ಯಾಸ ನಡೆಯುವುದಿಲ್ಲ ಎಂಬುದನ್ನು ನಾನೂ ಒಪ್ಪುತ್ತೇನೆ.

ಗಂಟುನೋವು:
ನನ್ನ ವಯಸ್ಸಿಗೆ ಬೆರಳಿನ ಗಂಟುಗಳು .38ನ್ನೂ ಸಹಿಸುವುದಿಲ್ಲ, ಆದ್ದರಿಂದ ಎಂಟು ತೋಟೆಯ .22ಕ್ಕೆ ಇಳಿದಿದ್ದೇನೆ. ಒದೆತವೆಂಬುದೇ ಇಲ್ಲ. ಆದರೆ ಟ್ರಿಗರ್ ಹಗುರವಾಗಿರುತ್ತದೆ ಎಂದುಕೊಂಡು ಕೊಳ್ಳುವವರಿಗೆ ಎಚ್ಚರಿಕೆ ಹೇಳಬೇಕು. .22ರಲ್ಲಿ ಕಿಡಿಮದ್ದು ಕೇಸಿನ ಅಂಚಿನೊಳಗೆ ಹರಡಿರುತ್ತದೆ, ಆ ಅಂಚನ್ನು ಜಜ್ಜಿದರೆ ಮಾತ್ರ ಹೊತ್ತಿಕೊಳ್ಳುತ್ತದೆ. ಹಾಗಾಗಿ ಹ್ಯಾಮರಿನ ಸ್ಪ್ರಿಂಗು ಬಿಗಿಯಾಗಿರಲೇಬೇಕು, ಟ್ರಿಗರೂ ಅದಕ್ಕೆ ತಕ್ಕಂತೆ ಗಡುಸು. ನನ್ನ ಹಳೆಯ .38ಕ್ಕಿಂತ ಇದರ ಟ್ರಿಗರ್ ಗಟ್ಟಿ. ಒದೆತದಿಂದ ತಪ್ಪಿಸಿಕೊಳ್ಳಲು ಹೋಗಿ ಎಳೆತಕ್ಕೆ ಸಿಕ್ಕಿಬಿದ್ದೆ.

ಆ ಕಿಡಿಮದ್ದು ಅಂಚಿನ ಸುತ್ತ ಸಮನಾಗಿ ಹರಡದಿದ್ದರೆ ಆಗೊಮ್ಮೆ ಈಗೊಮ್ಮೆ ತೋಟೆ ಹುಸಿಹೋಗುವುದೂ ಉಂಟು. ಅಂಥ ವೇಳೆಯಲ್ಲಿ ಟ್ರಿಗರನ್ನು ಇನ್ನೊಮ್ಮೆ ಎಳೆದರೆ ಮುಂದಿನ ಮನೆ ತಾನಾಗಿ ಬರುತ್ತದೆ, ರಿವಾಲ್ವರಿನ ದೊಡ್ಡ ಪುಣ್ಯ ಅದೇ. ಆದರೆ ರೇಂಜಿನಲ್ಲಿ ಹಾಗೆ ಅವಸರಿಸಬೇಡಿ. ಹುಸಿಯಾದ ತೋಟೆ ತಡವಾಗಿ ಸಿಡಿಯಬಹುದಾದ್ದರಿಂದ ಅರ್ಧ ನಿಮಿಷ ಗುರಿಯತ್ತಲೇ ಹಿಡಿದು ಕಾಯಬೇಕು.

ಅರ್ಧಚಂದ್ರ:
9 ಎಂ.ಎಂ. ರಿವಾಲ್ವರ್ ನನ್ನ ಬಳಿಯಿದೆ. ಒತ್ತಡದಲ್ಲಿ .357ಕ್ಕೆ ಸಮ, ಕೇಸು ಗಿಡ್ಡ, ಮದ್ದು ಬೇಗ ಉರಿಯುವಂಥದ್ದು, ಹಾಗಾಗಿ ಕಿರುನಳಿಗೆಯಲ್ಲಿಯೂ ವೇಗ ಹೆಚ್ಚು ಸೋರುವುದಿಲ್ಲ. ತೋಟೆಗೆ ಹೊರಚಾಚಿದ ಅಂಚಿಲ್ಲವಾದ್ದರಿಂದ ಐದನ್ನೂ ತೆಳು ಉಕ್ಕಿನ ಬಿಲ್ಲೆಯೊಂದಕ್ಕೆ ಸಿಕ್ಕಿಸಿ ಒಟ್ಟಿಗೆ ತುಂಬಬೇಕು, ಅದನ್ನು ಮೂನ್ ಕ್ಲಿಪ್ ಎನ್ನುತ್ತಾರೆ. ತುಂಬುವುದು ಕಣ್ಣುಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ, ಹೊರಹಾಕುವುದೂ ಅಷ್ಟೇ ಸಲೀಸು.

ಈಗ ಕೆಡುಕಿನ ಮಾತು. ಹೆಚ್ಚುವರಿ ಕ್ಲಿಪ್ಪನ್ನು ಒಂದು ತಿಂಗಳು ಬೀಗದ ಕೈಗಳ ಜೊತೆ ಜೇಬಿನಲ್ಲಿಟ್ಟುಕೊಂಡಿದ್ದೆ. ಕಣ್ಣಿಗೆ ಕಾಣದಷ್ಟು ಬಾಗಿತ್ತು. ಸಿಲಿಂಡರ್ ಮುಚ್ಚಿಕೊಂಡಿತು, ಎರಡು ಮನೆ ತಿರುಗಿ ಮೂರನೆಯದಕ್ಕೆ ಕಚ್ಚಿ ನಿಂತಿತು. ಈಗ ಗಟ್ಟಿ ಡಬ್ಬಿಯಲ್ಲಿ ಇಟ್ಟುಕೊಳ್ಳುತ್ತೇನೆ, ಆದರೆ ಆ ಡಬ್ಬಿ ರಿವಾಲ್ವರಿನ ಅರ್ಧದಷ್ಟಿದೆ.

ಹೊಸಬ:
ಅನನುಭವಿಯ ಪ್ರಶ್ನೆ, ನಗಬೇಡಿ. .357 ಗುಂಡಿಗಿಂತ .38 ಗುಂಡು ದಪ್ಪವಾಗಿರಬೇಕಲ್ಲವೇ? ಹಾಗಾದರೆ ದಪ್ಪನೆಯ ಗುಂಡು ಸಣ್ಣ ನಳಿಗೆಯಲ್ಲಿ ಹೇಗೆ ಹೋಗುತ್ತದೆ?

ಹಳೆಗುರಿಕಾರ:
ನಗುವ ಪ್ರಶ್ನೆಯಲ್ಲ, ಎಲ್ಲರನ್ನೂ ಒಮ್ಮೆ ಕಾಡಿರುವ ಪ್ರಶ್ನೆ. ಎರಡರ ಗುಂಡಿನ ವ್ಯಾಸವೂ .357 ಅಂಗುಲದ ಆಸುಪಾಸಿನದೇ. .38 ಎಂಬ ಹೆಸರು ಕೇಸಿನ ಹೊರಮೈಯಷ್ಟೇ ದಪ್ಪದ ಗುಂಡುಗಳಿದ್ದ ಹಿಂದಿನ ಕಾಲದಿಂದ ಉಳಿದುಕೊಂಡದ್ದು. .357ರ ಕೇಸನ್ನು .38ಕ್ಕಿಂತ ಅಂಗುಲದ ಎಂಟನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಉದ್ದ ಮಾಡಲಾಯಿತು. ಬಲವಾದ ತೋಟೆಯನ್ನು ಹಳೆಯ .38ರೊಳಗೆ ಯಾರೂ ತೂರಿಸಬಾರದೆಂಬುದೇ ಅದರ ಉದ್ದೇಶ. ಹಳೆಯ .38 ರಿವಾಲ್ವರಿದ್ದವರು ಪ್ಲಸ್ ಪಿ ತೋಟೆಯನ್ನೂ ತಯಾರಕರ ಅನುಮತಿಯಿಲ್ಲದೆ ಹಾಕಬಾರದು, ಏಕೆಂದರೆ ಉದ್ದ ಒಂದೇ ಆದ್ದರಿಂದ ಅದನ್ನು ತಡೆಯುವ ಏರ್ಪಾಡು ಯಾವುದೂ ಇಲ್ಲ.

ಇನ್ನೊಂದು ಗೊಂದಲ: .38 ಸ್ಮಿತ್ ಆ್ಯಂಡ್ ವೆಸನ್ ಎಂಬುದು ಬೇರೆಯೇ ತೋಟೆ, ಗಿಡ್ಡ, ತುಸು ದಪ್ಪ. ಹೆಸರು ಹತ್ತಿರವಿದೆಯೆಂದು .38 ಸ್ಪೆಷಲ್ಲಿನೊಂದಿಗೆ ಬೆರೆಸಬಾರದು.

ಕಿರುನಳಿಗೆ:
ಉದ್ದದ ಮಾತು ಬಂದದ್ದರಿಂದ ಹೇಳುತ್ತೇನೆ. .357 ಮನೆಯಲ್ಲಿ .38ನ್ನೇ ನೂರಾರು ಹಾರಿಸುತ್ತ ಹೋದರೆ, ಗಿಡ್ಡ ಕೇಸು ಮುಗಿಯುವಲ್ಲಿ ಮಸಿಯ ಉಂಗುರವೊಂದು ಕಟ್ಟಿಕೊಳ್ಳುತ್ತದೆ. ಆಮೇಲೆ .357 ಹಾಕಿದರೆ ಆ ಉಂಗುರಕ್ಕೆ ತಾಗಿ ಪೂರ್ತಿ ಒಳಗೆ ಕೂರುವುದಿಲ್ಲ. "ಅಭ್ಯಾಸಕ್ಕೆ .38, ಮೈಮೇಲೆ .357" ಎನ್ನುವವರು ಪ್ರತಿ ಮನೆಯನ್ನೂ ಬ್ರಷ್ ಹಾಕಿ ಉಜ್ಜಬೇಕು.

ಶಂಕೆಗಾರ:
ಆ ಸೂತ್ರದಲ್ಲಿ ಮಸಿಗಿಂತ ದೊಡ್ಡ ದೋಷವೊಂದಿದೆ. ಹಗುರ ತೋಟೆಯಲ್ಲಿ ಪಳಗಿದ ಕೈ, ಬೇಕಾದ ಹೊತ್ತಿನಲ್ಲಿ ಎರಡು ಪಟ್ಟು ಮೀರಿದ ಒದೆತವನ್ನು ಮೊದಲ ಬಾರಿಗೆ ಎದುರಿಸಬೇಕೇ? ಯಾವುದನ್ನು ಧರಿಸುತ್ತೀರೋ ಅದರಲ್ಲಿಯೇ ಅಭ್ಯಾಸ ಮಾಡಿ, ಇಲ್ಲವಾದರೆ ಯಾವುದರಲ್ಲಿ ಅಭ್ಯಾಸ ಮಾಡುತ್ತೀರೋ ಅದನ್ನೇ ಧರಿಸಿ.

ಮ್ಯಾಗ್ನಮ್‌ಪಕ್ಷ:
ಈ ಮಾತಿಗೆ ನನ್ನ ಬಳಿ ಉತ್ತರವಿಲ್ಲ. ಆದರೆ 730 ಗ್ರಾಂ ಉಕ್ಕಿನ ರಿವಾಲ್ವರಿನಲ್ಲಿ ನಾನು .357ರಲ್ಲಿಯೇ ಅಭ್ಯಾಸ ಮಾಡುತ್ತೇನೆ, ಅದು ಸಾಧ್ಯವೆಂದು ದಾಖಲಿಸಲು ಬಯಸುತ್ತೇನೆ.

ಡೊಳ್ಳುಗುಂಡು:
.44 ಸ್ಪೆಷಲ್ ಎಂದು ಇದುವರೆಗೆ ಒಬ್ಬರೂ ಹೇಳಲಿಲ್ಲ. ಐದು ತೋಟೆಯ ಚಾರ್ಟರ್ ಆರ್ಮ್ಸ್ ಬುಲ್‌ಡಾಗ್ 1970ರ ದಶಕದಿಂದ ಇದೆ. ಒತ್ತಡ ಕಡಿಮೆ, ಗುಂಡು ದೊಡ್ಡದು, ತಾಗಿದಾಗ ಹಿಗ್ಗಿ ಅರಳದಿದ್ದರೂ ತೂತು ದೊಡ್ಡದೇ.

ಮಿತಭಾಷಿ:
ಜೇಬೂ ದೊಡ್ಡದು ಬೇಕು.

ಶಂಕೆಗಾರ:
"ಅರಳದಿದ್ದರೂ" ಎಂಬ ಪದ ಮುಖ್ಯವಾದುದು. 1986ರ ಮಯಾಮಿ ಗುಂಡಿನ ಕಾಳಗದ ಬಳಿಕ ಎಫ್‌ಬಿಐ ರೂಪಿಸಿದ ಪರೀಕ್ಷೆಯಲ್ಲಿ ಗುಂಡು ಮಾಂಸಖಂಡದ ಬದಲಿಗೆ ಇಟ್ಟ ಜೆಲಟಿನ್ ದಿಮ್ಮಿಯೊಳಗೆ ಕನಿಷ್ಠ 12 ಅಂಗುಲ ಇಳಿಯಬೇಕು, 18ನ್ನು ಮೀರಬಾರದು. ಕಿರುನಳಿಗೆಯ .38ರಲ್ಲಿ ಟೊಳ್ಳುಮೂತಿಯ ಗುಂಡು ಅರಳಿದರೆ ಆಳ ಸಾಲದಿರಬಹುದು, ದಪ್ಪ ಬಟ್ಟೆಯ ನೂಲು ಆ ಟೊಳ್ಳಿನಲ್ಲಿ ತುಂಬಿಕೊಂಡರೆ ಅರಳುವುದೇ ಇಲ್ಲ. ಅದಕ್ಕಾಗಿಯೇ ಅನೇಕರು ಗುರಿಯಭ್ಯಾಸಕ್ಕೆಂದು ಮಾಡಿದ 148 ಗ್ರೇನ್ ವಾಡ್‌ಕಟರಿಗೆ ಮರಳುತ್ತಿದ್ದಾರೆ. ಚಪ್ಪಟೆ ಮೂತಿಯ ಸೀಸದ ಉರುಳೆಯದು. ಅರಳುವ ಮಾತೇ ಇಲ್ಲದ್ದರಿಂದ ಅರಳಲಿಲ್ಲವೆಂಬ ಕೊರಗೂ ಇಲ್ಲ, ಒದೆತವೂ ಸೌಮ್ಯ.

ಐದುಮನೆ:
ಎಲ್ಲರಿಗೂ ಧನ್ಯವಾದಗಳು. ನಿಮ್ಮ ಮಾತುಗಳನ್ನು ಬರೆದುಕೊಂಡು ಹೋಗಿ ಮೂರು ರಿವಾಲ್ವರುಗಳನ್ನು ಎರವಲು ಪಡೆದು, ಏಳು ಮೀಟರ್ ದೂರದಲ್ಲಿ, ಅಂಗೈ ಅಗಲದ ವೃತ್ತಕ್ಕೆ ತಲಾ ಐದು ಈಡು ಹಾರಿಸಿದೆ. 730 ಗ್ರಾಂ ಉಕ್ಕಿನದರಲ್ಲಿ .357: ಮೂರು ಒಳಗೆ, ಆದರೆ ಪ್ರತಿ ಈಡಿನ ನಡುವೆ ಹಿಡಿ ಸರಿಪಡಿಸಿಕೊಂಡೆ. ಅದರಲ್ಲಿಯೇ .38: ಐದೂ ಒಳಗೆ. 430 ಗ್ರಾಂ ಅಲ್ಯೂಮಿನಿಯಂನಲ್ಲಿ .38 ಪ್ಲಸ್ ಪಿ: ಮೂರು ಒಳಗೆ. ಅದರಲ್ಲಿಯೇ ವಾಡ್‌ಕಟರ್: ನಾಲ್ಕು ಒಳಗೆ, ಐದನೆಯದು ಗೆರೆಯ ಮೇಲೆ. ಕಾಗದಕ್ಕೆ ಕಡತ ಪಂಚು ಒತ್ತಿದಂತೆ ದುಂಡನೆಯ ತೂತುಗಳು. ಮೂರನೆಯ ರಿವಾಲ್ವರ್ .32, "ಆರನೆಯದು" ಅವರು ಹೇಳಿದಂತೆ ಬಹಳ ಹಿತವಾಗಿತ್ತು, ಆದರೆ ಅದರ ತೋಟೆಗಳನ್ನು ಒಡೆಯರೇ ಎಣಿಸಿ ಕೊಟ್ಟರು.

ಒಂದು ಸಂಗತಿ ಅನಿರೀಕ್ಷಿತವಾಗಿತ್ತು. ಹಗುರ ರಿವಾಲ್ವರಿನಲ್ಲಿ ನನ್ನ ಗುರಿ ಕೆಡುತ್ತಿದ್ದುದು ಒದೆತಕ್ಕಿಂತ ಮೊದಲೇ, ಟ್ರಿಗರ್ ಎಳೆಯುವಾಗ. ತಕ್ಕಡಿ ಕೊಕ್ಕೆ ಸಿಕ್ಕಿಸಿ ನೋಡಿದೆ, ಐದು ಕಿಲೋ ತೋರಿಸಿತು. ಅರ್ಧ ಕಿಲೋ ಕೂಡ ತೂಗದ ವಸ್ತುವನ್ನು ಐದು ಕಿಲೋ ಬಲದಿಂದ ಎಳೆಯುತ್ತ ಅದು ಅಲುಗಬಾರದೆಂದು ಬಯಸುವುದು ನನ್ನ ಬೆರಳಿಗೆ ಹೊಸ ಶಿಸ್ತು.

ಉಕ್ಕಿನದು ನನ್ನ ಮನಸ್ಸನ್ನು ಗೆದ್ದಿತು, ಜೇಬು ಒಪ್ಪಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅದನ್ನು ತೆಗೆದು ಮೇಜಿನ ಖಾನೆಯಲ್ಲಿಟ್ಟು ಬೀಗ ಹಾಕಿದ್ದೆ. ಖಾನೆಯಲ್ಲಿರುವ .357ಕ್ಕಿಂತ ಮೈಮೇಲಿರುವ .38 ಮೇಲೆಂದು ಅಲ್ಯೂಮಿನಿಯಂನದನ್ನೇ ಗೊತ್ತುಮಾಡಿದ್ದೇನೆ. ತುಂಬುವುದು ವಾಡ್‌ಕಟರ್.

ಮ್ಯಾಗ್ನಮ್‌ಪಕ್ಷ:
ಅಳೆದು ತೀರ್ಮಾನಿಸಿದ್ದೀರಿ, ನನ್ನ ತಕರಾರಿಲ್ಲ. ಒಂದು ವರ್ಷದ ನಂತರ ಉಕ್ಕಿನದಕ್ಕೆ ಇನ್ನೊಮ್ಮೆ ಬನ್ನಿ.

ಕಿರುನಳಿಗೆ:
ಒಂದನ್ನು ಮರೆಯಬೇಡಿ. ವಾಡ್‌ಕಟರಿನ ಗುಂಡು ಕೇಸಿನ ಬಾಯಿಯ ಮಟ್ಟಕ್ಕೇ ಮುಗಿದುಹೋಗುತ್ತದೆ, ದಾರಿ ತೋರುವ ದುಂಡು ಮೂತಿ ಅದಕ್ಕಿಲ್ಲ. ಐದನ್ನೂ ಒಟ್ಟಿಗೆ ತುಂಬುವ ಸ್ಪೀಡ್‌ಲೋಡರಿನಿಂದ ಅವಸರದಲ್ಲಿ ತುಂಬಲು ಹೋದರೆ ಐದೂ ಮನೆಯ ಅಂಚಿಗೆ ತಾಗಿ ನಿಲ್ಲುತ್ತವೆ. ಸಿಲಿಂಡರಿಗೆ ವಾಡ್‌ಕಟರ್ ತುಂಬಿ, ಹೆಚ್ಚುವರಿಯಾಗಿ ಜೇಬಿನಲ್ಲಿಡುವ ಐದನ್ನು ದುಂಡು ಮೂತಿಯವನ್ನೇ ಇಟ್ಟುಕೊಳ್ಳಿ.

ಐದುಮನೆ:
ನಿನ್ನೆ ರಾತ್ರಿ ಡಮ್ಮಿ ತೋಟೆಗಳನ್ನು ಹಾಕಿ ನೋಡಿದೆ. ಎರಡು ಒಳಗೆ ಹೋದವು, ಮೂರು ಕಾಲಿನ ಮೇಲೆ ಬಿದ್ದವು. ದುಂಡು ಮೂತಿಯವನ್ನು ತರುತ್ತೇನೆ.